‘ಪ್ರೋಟೋಕ್ಲಸ್ಟರ್’ಗೆ ‘ಭಾವಿ ಗುಚ್ಛ’ ಎನ್ನಬಹುದೆ?

ಮಾನ್ಯರೆ,

ಗೆಲಾಕ್ಸಿಗಳ ವಿಕಾಸವನ್ನು ಕುರಿತ ಲೇಖನವೊಂದಕ್ಕಾಗಿ ‘ಪ್ರೋಟೋಕ್ಲಸ್ಟರ್’ ಎಂಬುದಕ್ಕೆ ಒಪ್ಪುವ ಕನ್ನಡ ಪದವನ್ನು ಹುಡುಕುತ್ತಿದ್ದೇನೆ. ‘ಕ್ಲಸ್ಟರ್’ ಮಟ್ಟಿಗೆ ತಕರಾರಿಲ್ಲ; ‘ಪುಂಜ’ವು ನಕ್ಷತ್ರಪುಂಜದ ಮೂಲಕ ಓರಿಯಾನ್, ವೃಶ್ಚಿಕಗಳಿಗೆ ಮೀಸಲಾಗಿರುವುದರಿಂದ ‘ಗೆಲಾಕ್ಸಿ ಗುಚ್ಛ’ವೇ ವಾಸಿ. ತೊಡಕಿರುವುದು ‘ಪ್ರೋಟೋ’ದಲ್ಲಿ.

ಮೊದಲು ವಸ್ತು ಏನೆಂಬುದನ್ನು ಹೇಳಿಬಿಡುತ್ತೇನೆ. ಸುಮಾರು ನೂರು ಲಕ್ಷ ಕೋಟಿ ಸೂರ್ಯರಷ್ಟು ಅಥವಾ ಅದಕ್ಕೂ ಮಿಗಿಲಾದ ದ್ರವ್ಯರಾಶಿಯನ್ನು ತನ್ನದೇ ಗುರುತ್ವದಿಂದ ಹಿಡಿದಿಟ್ಟುಕೊಂಡು ನೆಲೆನಿಂತಿರುವ ವ್ಯವಸ್ಥೆಯನ್ನು ಗುಚ್ಛ ಎನ್ನುತ್ತಾರೆ. ಪ್ರೋಟೋಕ್ಲಸ್ಟರ್ ಇನ್ನೂ ಹಾಗೆ ನೆಲೆನಿಂತಿರುವುದಿಲ್ಲ. ದೂರದ ಆಕಾಶದ ಒಂದು ತುಂಡಿನಲ್ಲಿ, ಒಂದೇ ಕೆಂಪುಪಲ್ಲಟದ (ರೆಡ್‌ಶಿಫ್ಟ್; ಅಂದರೆ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದ) ಆಸುಪಾಸಿನಲ್ಲಿ, ಸರಾಸರಿಗಿಂತ ಹೆಚ್ಚು ಗೆಲಾಕ್ಸಿಗಳು ನೆರೆದಿರುವುದು ಕಂಡಾಗ, ಇವು ಮುಂದೆ ಒಟ್ಟಿಗೆ ಕುಸಿದು ಒಂದು ಗುಚ್ಛವಾಗುತ್ತವೆ ಎಂದು ಲೆಕ್ಕಹಾಕಿ ಆ ಹೆಸರನ್ನು ಕೊಡುತ್ತಾರೆ. ಅಂದರೆ ಆ ಹೆಸರಿನಲ್ಲಿ ಕಂಡದ್ದರ ಜೊತೆಗೆ ಒಂದು ಭವಿಷ್ಯವೂ ಸೇರಿಕೊಂಡಿದೆ.

ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ 2023ರಲ್ಲಿ ದೃಢಪಟ್ಟ ಉದಾಹರಣೆಯನ್ನು ನೋಡಿ. ‘ಪಂಡೋರಾ’ ಎಂದು ಕರೆಯಲಾಗುವ ಏಬೆಲ್ 2744 ಎಂಬ ಪಕ್ವ ಗುಚ್ಛವು ಮಸೂರದಂತೆ ಬೆಳಕನ್ನು ಬಗ್ಗಿಸಿ ಹಿಗ್ಗಿಸಿದ್ದರಿಂದ, ಅದರ ಹಿಂದೆ ಬಹುದೂರದಲ್ಲಿ, ವಿಶ್ವಕ್ಕೆ ಕೇವಲ 65 ಕೋಟಿ ವರ್ಷವಾಗಿದ್ದಾಗಿನ ಏಳು ಗೆಲಾಕ್ಸಿಗಳ ಕೂಟವನ್ನು ಕಾಣುವುದು ಸಾಧ್ಯವಾಯಿತು. ಆ ಕೂಟವು ಬೆಳೆದು ನಮಗೆ ಹತ್ತಿರದ ಕೋಮಾ ಗುಚ್ಛದಂಥದ್ದಾಗುವ ಸಂಭವವಿದೆ ಎಂಬುದು ಸಂಶೋಧಕರ ಅಂದಾಜು. ಇದನ್ನು ಬರೆಯುವಾಗ ಗುಚ್ಛ, ಅದರ ಹಿಂದಿನ ಪ್ರೋಟೋಕ್ಲಸ್ಟರ್, ಅದು ಆಗಲಿರುವ ಗುಚ್ಛ, ಈ ಮೂರೂ ಒಂದೇ ವಾಕ್ಯದಲ್ಲಿ ಬರುತ್ತವೆ. ಪದ ಸಡಿಲವಾದರೆ ಓದುಗನಿಗೆ ಯಾವುದು ಯಾವುದೆಂದೇ ತಿಳಿಯುವುದಿಲ್ಲ.

‘ಆದಿಗುಚ್ಛ’ ಎಂಬುದು ತಟ್ಟನೆ ನಾಲಗೆಗೆ ಬರುವ ರೂಪ. ಆದರೆ ಆದಿಕವಿ ಎಂದರೆ ಮೊದಲ ಕವಿ, ಕವಿಯಾಗಲಿರುವವನಲ್ಲ. ಹಾಗೆಯೇ ಆದಿಗುಚ್ಛವೆಂದರೆ ವಿಶ್ವದ ಮೊತ್ತಮೊದಲ ಗುಚ್ಛವೆಂದೇ ಕೇಳಿಸುತ್ತದೆ. ‘ಮೂಲಗುಚ್ಛ’ದ ಅಡ್ಡಿ ಬೇರೆ ಬಗೆಯದು. ‘ಪ್ರೋಟೋ-ದ್ರವಿಡಿಯನ್’ಗೆ ಬಳಸುವ ‘ಮೂಲದ್ರಾವಿಡ’ದಲ್ಲಿ ಒಂದು ಭಾಷೆ ಕವಲೊಡೆದು ಹಲವಾಗುತ್ತದೆ, ಇಲ್ಲಿ ಹಲವು ಗೆಲಾಕ್ಸಿಗಳು ಬಂದು ಒಂದು ಗುಚ್ಛವಾಗುತ್ತವೆ, ದಿಕ್ಕೇ ತಿರುಗುಮುರುಗು. ‘ಭ್ರೂಣಗುಚ್ಛ’ವು ಕೆಲವಕ್ಕೆ ಹೊಂದೀತು. ದಕ್ಷಿಣ ಧ್ರುವ ದೂರದರ್ಶಕವು ಗುರುತಿಸಿದ ಎಸ್‌ಪಿಟಿ2349-56ರಲ್ಲಿ, 2018ರಲ್ಲಿ ಪ್ರಕಟವಾದಂತೆ, ಭರದಿಂದ ನಕ್ಷತ್ರಗಳನ್ನು ಹಡೆಯುತ್ತಿರುವ 14 ಗೆಲಾಕ್ಸಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ; ಅದನ್ನು ಭ್ರೂಣವೆಂದರೆ ಒಪ್ಪಬಹುದು. ಆದರೆ ಬಹುಪಾಲು ಪ್ರೋಟೋಕ್ಲಸ್ಟರ್‌ಗಳು ಕೋಟಿಗಟ್ಟಲೆ ಜ್ಯೋತಿರ್ವರ್ಷ ಹರಡಿರುವ ಚದುರಿದ ಕೂಟಗಳು. ಒಡಲೇ ಕೂಡಿಬರದ ವಸ್ತುವಿಗೆ ಭ್ರೂಣವೆನ್ನುವುದು ಸರಿಕಾಣದು.

ಹೀಗಾಗಿ ನನ್ನ ಒಲವು ‘ಭಾವಿ ಗುಚ್ಛ’ದ ಕಡೆಗಿದೆ. ಭಾವಿ ಅಳಿಯ ಇನ್ನೂ ಅಳಿಯನಲ್ಲ, ಮಾತುಕತೆ ಮುರಿದರೆ ಆಗದೆಯೂ ಹೋಗಬಹುದು. ಪ್ರೋಟೋಕ್ಲಸ್ಟರ್ ಎಂದು ಪಟ್ಟಿಗೆ ಸೇರಿದವುಗಳಲ್ಲಿಯೂ ಕೆಲವು ಕೊನೆಗೆ ಗುಚ್ಛವಾಗದೆ ಉಳಿಯುತ್ತವೆ. ಈ ಅನಿಶ್ಚಯವನ್ನು ಉಳಿದ ಯಾವ ರೂಪವೂ ಹೇಳುವುದಿಲ್ಲ. (ಅಚ್ಚಿನಲ್ಲಿ ಮಹಾಪ್ರಾಣ ಬಿದ್ದುಹೋಗಿ ‘ಬಾವಿ ಗುಚ್ಛ’ವಾದರೆ ನೀರು ಸೇದಬೇಕಾದೀತು, ಆ ಮಾತು ಬೇರೆ.)

ಇದಕ್ಕೆ ಬರಬಹುದಾದ ಒಂದು ಆಕ್ಷೇಪ ನನಗೆ ಹೊಳೆದಿದೆ. ನಮಗೆ ಈಗ ತಲಪಿರುವುದು ಹಳೆಯ ಬೆಳಕು. ಆ ಕೂಟ ಇಷ್ಟು ಹೊತ್ತಿಗೆ ಗುಚ್ಛವಾಗಿಯೇ ಇರಬೇಕು, ಆದ್ದರಿಂದ ‘ಭಾವಿ’ ಎಂಬುದು ಹೇಗೆ ಸರಿ? ‘ಮದರಾಸಿನಲ್ಲಿ ಓದುತ್ತಿದ್ದಾಗಲೇ ತಮ್ಮ ಭಾವಿ ಪತಿಯನ್ನು ಕಂಡರು’ ಎಂದು ಜೀವನಚರಿತ್ರೆಗಳಲ್ಲಿ ಬರೆಯುವುದುಂಟಷ್ಟೆ. ಅಲ್ಲಿ ‘ಭಾವಿ’ಗೆ ಲೆಕ್ಕ ಕಥನದ ಕಾಲ, ಬರೆಯುವವರ ಕಾಲವಲ್ಲ. ಇಲ್ಲಿಯೂ ಬೆಳಕು ಹೊರಟ ಕಾಲವನ್ನೇ ಲೆಕ್ಕಕ್ಕೆ ಹಿಡಿಯಬಹುದು ಎಂಬುದು ನನ್ನ ಸಮಾಧಾನ.

ಬಗೆಹರಿಯದಿರುವುದು ಇನ್ನೊಂದು. ‘ಭಾವಿ ಅಳಿಯ’ ಎಂದಾಗ ವ್ಯಕ್ತಿ ಈಗಲೇ ಇದ್ದಾನೆ, ಪದವಿ ಮಾತ್ರ ಮುಂದೆ ಬರುವಂಥದು. ‘ಭಾವಿ ಜೀವನ’ ಎಂದಾಗಲಾದರೋ ಆ ಜೀವನವೇ ಇನ್ನೂ ಬಂದಿಲ್ಲ. ಅಚೇತನ ವಸ್ತುವಿನ ಜೊತೆ ‘ಭಾವಿ’ ಸೇರಿದಾಗ ಎರಡನೆಯ ಅರ್ಥವೇ ಮುಂದಾಗುತ್ತದೆಯೆ? ಹಾಗಾದರೆ ‘ಭಾವಿ ಗುಚ್ಛ’ವನ್ನು ಓದಿದವರು, ದೂರದರ್ಶಕದಲ್ಲಿ ಈಗ ಕಂಡಿರುವ ಏಳು ಗೆಲಾಕ್ಸಿಗಳನ್ನು ಬಿಟ್ಟು, ಅವು ಮುಂದೆ ಆಗುವ ಕೋಮಾದಂಥ ಗುಚ್ಛವನ್ನೇ ತಿಳಿದುಕೊಳ್ಳುವ ಅಪಾಯವಿದೆ. ಈಗಾಗಲೇ ಇರುವ ಅಚೇತನ ವಸ್ತುವಿಗೆ, ‘ಭಾವಿ ಅಳಿಯ’ದ ಅರ್ಥದಲ್ಲಿಯೇ, ‘ಭಾವಿ’ಯನ್ನು ಹಚ್ಚಿದ ಪ್ರಯೋಗಗಳನ್ನು ಯಾರಾದರೂ ಕಂಡಿದ್ದರೆ ವಾಕ್ಯಸಹಿತ ತಿಳಿಸಬೇಕೆಂದು ಕೋರುತ್ತೇನೆ.