ಕ್ಯಾನ್ಸರ್‌ಗೆ ಲಸಿಕೆ ಉಂಟು, ಎಚ್‌ಐವಿಗೆ ಯಾಕಿಲ್ಲ?

ಬದಿಯಡ್ಕದ ಟೀಚರ್:
ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಲಸಿಕೆಯ ಪಾಠ ಮಾಡುವಾಗ ಒಬ್ಬಳು ಹುಡುಗಿ ಕೇಳಿದಳು, ಕೋವಿಡ್‌ಗೆ ಒಂದೇ ವರ್ಷದಲ್ಲಿ ಬಂತು, ಕ್ಯಾನ್ಸರ್‌ಗೂ ಉಂಟಂತೆ, ಎಚ್‌ಐವಿಗೆ ಮಾತ್ರ ಯಾಕೆ ಬಂದಿಲ್ಲ ಅಂತ. ವೈರಸ್ ರೂಪ ಬದಲಿಸುತ್ತದೆ ಎಂದೆ. "ಕೋವಿಡ್ ಕೂಡ ಬದಲಾಗ್ತದಲ್ಲ ಟೀಚರ್" ಎಂದಳು. ಸರಿಯಾದ ಪ್ರಶ್ನೆಯೇ. ನೆಟ್‌ನಲ್ಲಿ ಸಿಗುವುದೆಲ್ಲ ಇಂಗ್ಲಿಷ್, ಇಲ್ಲವಾದರೆ ಮಲಯಾಳ. ಗೊತ್ತಿದ್ದವರು ಕನ್ನಡದಲ್ಲಿ ಬಿಡಿಸಿ ಹೇಳ್ತೀರಾ?

ಉಪ್ಪಳದ ಲ್ಯಾಬ್ ಟೆಕ್ನಿಷಿಯನ್:
ಟೀಚರ್, ಕೋವಿಡ್ ಬಂದವರಲ್ಲಿ ಹೆಚ್ಚಿನವರು ತಾವಾಗಿಯೇ ಗುಣವಾದರು ಅಲ್ವಾ? ಅಂದರೆ ಆ ವೈರಸ್ಸನ್ನು ಓಡಿಸುವ ದಾರಿ ದೇಹಕ್ಕೆ ಗೊತ್ತಿತ್ತು, ಲಸಿಕೆ ಅದನ್ನೇ ಮೊದಲೇ ಕಲಿಸಿತು. ಎಚ್‌ಐವಿ ತಾನಾಗಿ ಪೂರ್ತಿ ಹೋದವರು ಇಲ್ಲ ಎನ್ನುವಷ್ಟು ಅಪರೂಪ. ನೋಡಿ ಕಲಿಯಲು ಮಾದರಿಯೇ ಇಲ್ಲ.

ಮತ್ತೆ ಅದು ಹಿಡಿಯುವುದೇ ಸಿಡಿ4 ಬಿಳಿ ರಕ್ತಕಣಗಳನ್ನು, ರೋಗದ ವಿರುದ್ಧ ಉಳಿದವನ್ನು ಎಬ್ಬಿಸಬೇಕಾದ ಕಣಗಳನ್ನೇ. ಒಳಗೆ ಹೋದದ್ದು ನಮ್ಮ ಡಿಎನ್‌ಎಯಲ್ಲೇ ಸೇರಿಕೊಳ್ಳುತ್ತದೆ, ಬೇರೆಯವರ ರೇಷನ್ ಕಾರ್ಡಿನಲ್ಲಿ ತನ್ನ ಹೆಸರು ಬರೆಸಿಕೊಂಡ ಹಾಗೆ. ಆಮೇಲೆ ವರ್ಷಗಟ್ಟಲೆ ಸುಮ್ನೆ ಇರುತ್ತದೆ. ಕೋವಿಡ್ ಲಸಿಕೆ ಕಾಯಿಲೆ ಜೋರಾಗದಂತೆ ನೋಡಿಕೊಂಡರೂ ಸಾಕಿತ್ತು, ಇಲ್ಲಿ ಸೋಂಕು ಬೇರೂರುವ ಮೊದಲೇ ತಡೆಯಬೇಕು. ರೂಪ ಬದಲಿಸುವುದರಲ್ಲೂ ಕೋವಿಡ್ ಇದರ ಹತ್ತಿರ ಬರುವುದಿಲ್ಲ. ಒಬ್ಬರ ಮೈಯಲ್ಲೇ ಲೆಕ್ಕವಿಲ್ಲದಷ್ಟು ರೂಪ, ಮೇಲಿನ ಮುಳ್ಳುಗಳಿಗೆ ಸಕ್ಕರೆಯ ಅಣುಗಳ ದಪ್ಪ ಹೊದಿಕೆ ಬೇರೆ, ವೈರಸ್ಸನ್ನು ಹಿಡಿಯಲು ದೇಹ ಮಾಡುವ ಪ್ರತಿಕಾಯಕ್ಕೆ (ಆಂಟಿಬಾಡಿ) ಸುಲಭದಲ್ಲಿ ಹಿಡಿತ ಸಿಗುವುದಿಲ್ಲ.

1984ರಲ್ಲಿ ಅಮೆರಿಕದ ಆರೋಗ್ಯ ಮಂತ್ರಿ ಮಾರ್ಗರೆಟ್ ಹೆಕ್ಲರ್, ಸುಮಾರು ಎರಡು ವರ್ಷದಲ್ಲಿ ಲಸಿಕೆ ಪರೀಕ್ಷೆಗೆ ಸಿದ್ಧವಾಗಬಹುದು ಎಂದಿದ್ದರು. ಥಾಯ್ಲೆಂಡಿನಲ್ಲಿ 16,000ಕ್ಕೂ ಜಾಸ್ತಿ ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2009ರಲ್ಲಿ ಬಂತು, ಸುಮಾರು 31% ರಕ್ಷಣೆ ಸಿಕ್ಕಿತ್ತು. ಅದೇ ದಾರಿಯ ಲಸಿಕೆಯನ್ನು ದಕ್ಷಿಣ ಆಫ್ರಿಕಾದಲ್ಲಿ ನೋಡಿದರು, ಪ್ರಯೋಜನವಿಲ್ಲ ಎಂದು 2020ರಲ್ಲಿ ನಿಲ್ಲಿಸಿದರು. ಓದುವಾಗ ನಿಜಕ್ಕೂ ಬೇಜಾರಾಗುತ್ತದೆ.

ಪೆರ್ಲದ ಅಕ್ಕ (ಮಂಗಳೂರಿನಲ್ಲಿ ನರ್ಸ್):
ಕ್ಯಾನ್ಸರ್ ಲಸಿಕೆ ಎಂದರೆ ಎರಡು ಬೇರೆ ಬೇರೆ ಸಂಗತಿ ಟೀಚರ್, ಮಕ್ಕಳಿಗೆ ಇದನ್ನು ಮೊದಲು ಹೇಳಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ, ಲಿವರ್ ಕ್ಯಾನ್ಸರ್ ತಡೆಯುವ ಹೆಪಟೈಟಿಸ್ ಬಿ ಲಸಿಕೆ, ಇವು ಕೆಲಸ ಮಾಡುವುದು ಆ ಕ್ಯಾನ್ಸರ್ ತರುವ ವೈರಸ್ ಮೇಲೆ. ಎಚ್‌ಪಿವಿ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಲಸಿಕೆ ಗಟ್ಟಿಯಾಗಿ ನಿಂತಿತು.

ಬಂದ ಕ್ಯಾನ್ಸರ್‌ಗೆ ಕೊಡುವ ಲಸಿಕೆಯ ಕಷ್ಟವೇ ಬೇರೆ. ಅಲ್ಲಿ ಶತ್ರು ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಜೀವಕೋಶ. ದೇಹಕ್ಕೆ ಅದು ಅನ್ಯ ಎಂದು ಸುಲಭದಲ್ಲಿ ಅನಿಸುವುದಿಲ್ಲ. ಗಡ್ಡೆ ಸುತ್ತಲಿನ ರಕ್ಷಣಾ ಕೋಶಗಳನ್ನೂ ಸುಮ್ಮನಾಗಿಸುತ್ತದೆ. ಮತ್ತೆ ಒಬ್ಬರ ಗಡ್ಡೆ ಇನ್ನೊಬ್ಬರದ್ದರ ಹಾಗೆ ಇಲ್ಲ, ಆದ್ದರಿಂದ ಈಗ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಗಡ್ಡೆ ಪರೀಕ್ಷಿಸಿ ರೋಗಿಗೊಂದರಂತೆ ಎಂಆರ್‌ಎನ್‌ಎ ಲಸಿಕೆ (ಶತ್ರುವಿನ ಗುರುತನ್ನು ತಯಾರಿಸುವ ಸೂಚನೆಯನ್ನು ದೇಹಕ್ಕೆ ಕೊಡುವ ಲಸಿಕೆ) ಮಾಡಿ ನೋಡುತ್ತಿದ್ದಾರೆ. ಆದರೆ ಇಲ್ಲಿ ಒಂದು ಅನುಕೂಲ ಉಂಟು. ಕಾಯಿಲೆ ಮರಳುವುದು ಸ್ವಲ್ಪ ಕಡಿಮೆಯಾದರೂ ಅದು ಲಾಭ. ಎಚ್‌ಐವಿ ಲಸಿಕೆಗೆ ಆ ರಿಯಾಯಿತಿ ಇಲ್ಲ, ಆರೋಗ್ಯವಂತರಿಗೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು.

ಮಂಜೇಶ್ವರದವ:
ಆರು ತಿಂಗಳಿಗೊಮ್ಮೆ ಎಚ್‌ಐವಿ ಇಂಜೆಕ್ಷನ್ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆಯಲ್ಲ, ಅದು ಲಸಿಕೆ ಅಲ್ವಾ?

ಉಪ್ಪಳದ ಲ್ಯಾಬ್ ಟೆಕ್ನಿಷಿಯನ್:
ಸುದ್ದಿ ನಿಜ, ಲಸಿಕೆ ಅಲ್ಲ. ಲೆನಾಕಾಪಾವಿರ್ ಎಂಬ ಔಷಧ. 2024ರ ಪರೀಕ್ಷೆಯಲ್ಲಿ ಅದನ್ನು ತೆಗೆದುಕೊಂಡ ಆಫ್ರಿಕಾದ ಎರಡು ಸಾವಿರಕ್ಕೂ ಮಿಕ್ಕಿ ಹೆಂಗಸರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಆದರೆ ಅದು ದೇಹಕ್ಕೆ ಏನೂ ಕಲಿಸುವುದಿಲ್ಲ, ನಿಲ್ಲಿಸಿದರೆ ರಕ್ಷಣೆಯೂ ಹೋಗುತ್ತದೆ.

ಬದಿಯಡ್ಕದ ಟೀಚರ್:
ತುಂಬಾ ಉಪಕಾರ. ಅಕ್ಕಾ, ಎಚ್‌ಪಿವಿ ಲಸಿಕೆ ಯಾವ ಪ್ರಾಯದಲ್ಲಿ?

ಪೆರ್ಲದ ಅಕ್ಕ:
ನಮ್ಮ ದೇಶದ್ದೇ ಸರ್ವಾವ್ಯಾಕ್ ಆದರೆ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ಆದರೆ ಮೂರು. ಗಂಡುಮಕ್ಕಳಿಗೂ ಕೊಡಬಹುದು. ಪಿಟಿಎ ಮೀಟಿಂಗ್‌ನಲ್ಲಿ ಅಮ್ಮಂದಿರಿಗೆ ಹೇಳಿಬಿಡಿ, ವೈರಸ್ ತಗಲುವ ಮೊದಲು ಕೊಟ್ಟರೇ ಅದರ ಪೂರ್ತಿ ಪ್ರಯೋಜನ.