ಅಮೆರಿಕದ ಸಣ್ಣ ಊರಲ್ಲಿ ಡೆಂಟಿಸ್ಟ್ ಕೆಲಸ, ಎನ್‌ಎಚ್‌ಎಸ್‌ಸಿ ಸಾಲ ಮರುಪಾವತಿ: ಸಹಿ ಹಾಕುವ ಮೊದಲು ಏನೇನು ನೋಡಬೇಕು?

ದಂತಪಂಕ್ತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಿಡಿಎಸ್ ಆಗಿದೆ. ಇಲ್ಲಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್‌ನಲ್ಲಿ (ಹೊರದೇಶದಲ್ಲಿ ಓದಿ ಬಂದ ಡೆಂಟಿಸ್ಟ್‌ಗಳಿಗಿರುವ ಕೋರ್ಸ್) ಡಿಎಂಡಿ, ಅಂದರೆ ಅಮೆರಿಕದ ಡೆಂಟಿಸ್ಟ್ ಪದವಿ, ಮಾಡುತ್ತಿದ್ದೇನೆ, ಬರುವ ಮೇ ತಿಂಗಳಿಗೆ ಮುಗಿಯುತ್ತದೆ. ಒಟ್ಟು ಸಾಲ 2.6 ಲಕ್ಷ ಡಾಲರ್: ಬಹುಪಾಲು ಫೆಡರಲ್ ಡೈರೆಕ್ಟ್ ಲೋನ್, 40,000 ಖಾಸಗಿ ಬ್ಯಾಂಕಿನದು, 15,000 ಸೋದರಮಾವ ಕೈಸಾಲವಾಗಿ ಕೊಟ್ಟದ್ದು. ಗ್ರೀನ್ ಕಾರ್ಡ್ ಇದೆ, ಗಂಡ ಸಿಟಿಜನ್.

ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ನ್ಯೂ ಮೆಕ್ಸಿಕೊದ ಚಿಕ್ಕ ಊರಿನ ಸಮುದಾಯ ಆರೋಗ್ಯ ಕೇಂದ್ರ (ಎಫ್‌ಕ್ಯೂಎಚ್‌ಸಿ, ಅಂದರೆ ಫೆಡರಲ್ ಮಾನ್ಯತೆ ಇರುವ ಕೇಂದ್ರ), ವರ್ಷಕ್ಕೆ 1,55,000. ಇನ್ನೊಂದು ಡಲ್ಲಾಸ್ ಹತ್ತಿರದ ಚೈನ್ ಕ್ಲಿನಿಕ್, 1,85,000. ಆರೋಗ್ಯ ಕೇಂದ್ರದವರು "ನಮ್ಮ ಸ್ಕೋರ್ 19, ನಿಮಗೆ ಎನ್‌ಎಚ್‌ಎಸ್‌ಸಿ ಹಣ ಬಂದೇ ಬರುತ್ತೆ" ಅನ್ನುತ್ತಿದ್ದಾರೆ (ವೈದ್ಯರ ಕೊರತೆ ಇರುವ ಕಡೆ ದುಡಿದರೆ ಓದಿನ ಸಾಲ ತೀರಿಸಲು ಸರ್ಕಾರ ಹಣ ಕೊಡುವ ಯೋಜನೆ ಇದು). ಇದನ್ನು ನಂಬಿ ಸಂಬಳದಲ್ಲಿ 30,000 ಬಿಟ್ಟುಕೊಡಬಹುದೇ? ನಡುವೆ ಕೆಲಸ ಬಿಡಬೇಕಾಗಿ ಬಂದರೆ ಏನಾಗುತ್ತದೆ? ನನ್ನ ಸಹಪಾಠಿಯೊಬ್ಬಳು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿದ್ದಾಳೆ. ಅವಳಿಗೂ ಇಂಥ ಕಡೆ ಕೆಲಸ ಮಾಡುವ ಆಸೆ ಇದೆ, ದಾರಿ ಇದ್ದರೆ ತಿಳಿಸಿ.

ಹಲ್ಲಿನ_ಡಾಕ್ಟ್ರು

"ಬಂದೇ ಬರುತ್ತೆ" ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ (ಎನ್‌ಎಚ್‌ಎಸ್‌ಸಿ) ಹಣ ಕೊಡುವುದು ಪೈಪೋಟಿಯ ಮೇಲೆ. ಕೊರತೆಯ ಸ್ಕೋರ್ ಹೆಚ್ಚಿರುವ ಕಡೆ ಕೆಲಸ ಮಾಡುವವರಿಗೆ ಮೊದಲು ಹಂಚುತ್ತಾರೆ, ಆ ವರ್ಷದ ಅನುದಾನ ಮುಗಿದಲ್ಲಿಗೆ ಹಂಚಿಕೆ ನಿಲ್ಲುತ್ತದೆ. ಉದ್ಯೋಗದಾತರು ಯಾರೂ ಇದಕ್ಕೆ ಗ್ಯಾರಂಟಿ ಕೊಡಲು ಬರುವುದಿಲ್ಲ.

ಆಮೇಲೆ, ಆ 19 ಯಾವ ಸ್ಕೋರ್ ಅಂತ ಕೇಳಿ. ಒಂದೇ ಕೇಂದ್ರಕ್ಕೆ ಮೂರು ಎಚ್‌ಪಿಎಸ್‌ಎ (ಕೊರತೆಯ) ಸ್ಕೋರ್ ಇರುತ್ತವೆ: ಪ್ರೈಮರಿ ಕೇರ್, ಡೆಂಟಲ್, ಮೆಂಟಲ್ ಹೆಲ್ತ್. ಡೆಂಟಿಸ್ಟ್ ಅರ್ಜಿಗೆ ಲೆಕ್ಕಕ್ಕೆ ಬರುವುದು ಡೆಂಟಲ್ ಸ್ಕೋರ್ ಮಾತ್ರ. ಅದು 26ರವರೆಗೆ ಹೋಗುತ್ತದೆ, ಉಳಿದೆರಡು 25ಕ್ಕೆ ನಿಲ್ಲುತ್ತವೆ. ಎಚ್‌ಆರ್ ವಿಭಾಗದವರು ರೂಢಿಯಂತೆ ಪ್ರೈಮರಿ ಕೇರ್ ಸ್ಕೋರನ್ನೇ ಹೇಳಿಬಿಡುತ್ತಾರೆ. ಎನ್‌ಎಚ್‌ಎಸ್‌ಸಿ ನಡೆಸುವ ಫೆಡರಲ್ ಸಂಸ್ಥೆ ಎಚ್‌ಆರ್‌ಎಸ್‌ಎ ವೆಬ್‌ಸೈಟಿನಲ್ಲಿ ಕ್ಲಿನಿಕ್ಕಿನ ವಿಳಾಸ ಹಾಕಿ ನೀವೇ ನೋಡಿಕೊಳ್ಳಿ. ಹೆಡ್ ಆಫೀಸಿನ ವಿಳಾಸ ಬೇಡ, ನೀವು ದಿನಾ ಕುರ್ಚಿ ಪಕ್ಕ ಕೂರುವ ಕಟ್ಟಡದ ವಿಳಾಸ ಹಾಕಿ. ಇಂಥ ಸಂಸ್ಥೆಗಳಿಗೆ ನಾಲ್ಕೈದು ಊರಲ್ಲಿ ಶಾಖೆ ಇರುತ್ತವೆ, ಪ್ರತಿ ಶಾಖೆಯೂ ಎನ್‌ಎಚ್‌ಎಸ್‌ಸಿ ಪಟ್ಟಿಯಲ್ಲಿ ಇರಲೇಬೇಕು. ವಾರದಲ್ಲಿ ಒಂದು ದಿನ ಪಟ್ಟಿಯಲ್ಲಿಲ್ಲದ ಶಾಖೆಗೆ ಕಳಿಸಿದರೆ ಆ ಗಂಟೆಗಳು ನಿಮ್ಮ ಸೇವಾವಧಿಗೆ ಸೇರುವುದಿಲ್ಲ.

ಇನ್ನು ಪೌರತ್ವ. ಅರ್ಜಿ ಹಾಕುವ ಹೊತ್ತಿಗೆ ನೀವು ಸಿಟಿಜನ್ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ಸಿಟಿಜನ್ ಗಂಡನ ಜೊತೆಗಿದ್ದು ಗ್ರೀನ್ ಕಾರ್ಡ್ ಬಂದು 3 ವರ್ಷ ತುಂಬಿದಾಗ ಪೌರತ್ವಕ್ಕೆ ಅರ್ಹತೆ ಬರುತ್ತದೆ, 90 ದಿನ ಮುಂಚಿತವಾಗಿ ಅರ್ಜಿ ಹಾಕಬಹುದು. ಆದರೆ ಅರ್ಜಿ ಹಾಕಿದ್ದು ಲೆಕ್ಕಕ್ಕಿಲ್ಲ, ಪ್ರಮಾಣವಚನ ಆಗಿರಬೇಕು. ಅಂದರೆ ಮೊದಲ ಸುತ್ತು ನಿಮ್ಮ ಕೈತಪ್ಪುವ ಸಾಧ್ಯತೆ ಹೆಚ್ಚು. ಅದರಿಂದ ಬಾಗಿಲು ಮುಚ್ಚಿಹೋಗುವುದಿಲ್ಲ. ಅಲ್ಲೇ ಕೆಲಸದಲ್ಲಿರುವವರೂ ಮುಂದಿನ ಸುತ್ತಿನಲ್ಲಿ ಅರ್ಜಿ ಹಾಕಬಹುದು. ಒಪ್ಪಂದಕ್ಕೆ ಮೊದಲು ದುಡಿದ ತಿಂಗಳು ಮಾತ್ರ 2 ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

ಹಣದ ಲೆಕ್ಕ ಹೀಗೆ: ಡೆಂಟಿಸ್ಟ್‌ಗಳಿಗೆ ಪೂರ್ಣಾವಧಿ 2 ವರ್ಷಕ್ಕೆ ಗರಿಷ್ಠ 50,000, ಅರ್ಧಾವಧಿಗೆ 25,000. 75,000 ಅಂತ ಎಲ್ಲಾದರೂ ಓದಿದ್ದರೆ ಅದು ಪ್ರೈಮರಿ ಕೇರ್ ವೈದ್ಯರು, ನರ್ಸ್ ಪ್ರಾಕ್ಟೀಷನರ್‌ಗಳಂಥವರ ಮೊತ್ತ. ಸ್ಪ್ಯಾನಿಷ್ ಭಾಷಾ ಪರೀಕ್ಷೆ ಪಾಸಾದರೆ ಇನ್ನೊಂದು 5,000 ಸಿಗುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಹೇಗೂ ಸ್ಪ್ಯಾನಿಷ್ ಬೇಕೇ ಬೇಕು, ಈಗಿನಿಂದಲೇ ಕಲಿಯಿರಿ. ಈ ಹಣಕ್ಕೆ ಫೆಡರಲ್ ಆದಾಯ ತೆರಿಗೆ ಇಲ್ಲ, ಒಂದೇ ಗಂಟಿನಲ್ಲಿ ಮೊದಲೇ ಕೈಗೆ ಬರುತ್ತದೆ. ನಿಮ್ಮ ಸಂಬಳದ ವ್ಯತ್ಯಾಸ 2 ವರ್ಷಕ್ಕೆ 60,000, 30% ತೆರಿಗೆ ಕಳೆದರೆ 42,000. ಹಣ ಸಿಕ್ಕರೆ 8,000 ನಿಮ್ಮ ಕಡೆಗೇ ಉಳಿಯುತ್ತದೆ, ಸಿಗದಿದ್ದರೆ 42,000 ಖೋತಾ. ಹಾಗಾಗಿ ಆ ಹಣ ಬರದಿದ್ದರೂ ಈ ಕೆಲಸ ಒಪ್ಪುತ್ತೇನಾ ಅಂತ ಕೇಳಿಕೊಂಡು ನಿರ್ಧರಿಸಿ.

ಮಾವನ 15,000 ಇದಕ್ಕೆ ಸೇರುವುದಿಲ್ಲ, ಸರ್ಕಾರಿ ಅಥವಾ ವಾಣಿಜ್ಯ ಸಂಸ್ಥೆಯ ವಿದ್ಯಾಭ್ಯಾಸ ಸಾಲವೇ ಆಗಿರಬೇಕು. ಹಾಗೆಯೇ ವಿದ್ಯಾಭ್ಯಾಸದ ಸಾಲವನ್ನು ಕಾರ್ ಲೋನ್ ಜೊತೆಗೋ ಗಂಡನ ಸಾಲದ ಜೊತೆಗೋ ಸೇರಿಸಿ ರೀಫೈನಾನ್ಸ್ ಮಾಡಿಸಬೇಡಿ. ಹಾಗೆ ಬೆರೆಸಿದರೆ ಇಡೀ ಸಾಲವೇ ಅನರ್ಹವಾಗುತ್ತದೆ.

ಕರಾರುಪತ್ರ

ನಡುವೆ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅಂಕಿಯಲ್ಲೇ ನೋಡಿ. ಇದು ಕಾನೂನಿನಲ್ಲೇ ಬರೆದಿರುವ ದಂಡ, ಅಧಿಕಾರಿಗಳ ಮನಸ್ಸಿಗೆ ಬಿಟ್ಟದ್ದಲ್ಲ. ದುಡಿಯದೆ ಉಳಿದ ಪ್ರತಿ ತಿಂಗಳಿಗೆ 7,500 ಡಾಲರ್, ಅದರ ಮೇಲೆ ಆ ತಿಂಗಳುಗಳ ಪಾಲಿಗೆ ಪಡೆದ ಹಣ, ಅದರ ಮೇಲೆ ಬಡ್ಡಿ. ನೀವು 50,000 ತೆಗೆದುಕೊಂಡು 15 ತಿಂಗಳಿಗೆ ಬಿಟ್ಟಿರಿ ಅನ್ನಿ. ಉಳಿದದ್ದು 9 ತಿಂಗಳು. 9 × 7,500 = 67,500. ಪಡೆದ ಹಣದ ಪಾಲು 18,750. ಒಟ್ಟು 86,250, ಬಡ್ಡಿ ಬೇರೆ. "ಇನ್ನೆರಡೇ ತಿಂಗಳು, ಹೋದರೆ ಹೋಗಲಿ" ಅಂತ ಬಿಟ್ಟರೂ ಕನಿಷ್ಠ 31,000 ಕಟ್ಟಲೇಬೇಕು. ಕಟ್ಟಲು ಸಿಗುವ ಗಡುವು 1 ವರ್ಷ.

ಇದರಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಒಪ್ಪಂದಗಳನ್ನು ಒಂದೇ ಅಂದುಕೊಂಡಾಗ. ಎನ್‌ಎಚ್‌ಎಸ್‌ಸಿ ಒಪ್ಪಂದ ನಿಮ್ಮ ಮತ್ತು ಸರ್ಕಾರದ ನಡುವಿನದು. ಕೆಲಸದ ಒಪ್ಪಂದ ನಿಮ್ಮ ಮತ್ತು ಕೇಂದ್ರದ ನಡುವಿನದು. ಕೇಂದ್ರದವರು 60 ದಿನದ ನೋಟಿಸ್ ಕೊಟ್ಟು ನಿಮ್ಮನ್ನು ತೆಗೆಯಬಹುದು, ಸರ್ಕಾರದ ಋಣ ನಿಮ್ಮ ತಲೆ ಮೇಲೆ ಹಾಗೇ ಉಳಿಯುತ್ತದೆ. ಹಾಗಾದಾಗ ಇನ್ನೊಂದು ಅನುಮೋದಿತ ಕೇಂದ್ರಕ್ಕೆ ವರ್ಗವಾಗಲು ಅವಕಾಶ ಇದೆ, ಆದರೆ ರಾಜೀನಾಮೆ ಕೊಡುವ ಮೊದಲೇ ಎನ್‌ಎಚ್‌ಎಸ್‌ಸಿ ಪೋರ್ಟಲ್‌ನಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಕೆಲಸದ ಒಪ್ಪಂದದಲ್ಲಿ ನಾನ್-ಕಂಪೀಟ್ ಷರತ್ತು (ಬಿಟ್ಟ ಮೇಲೆ ಹತ್ತಿರದಲ್ಲಿ ಬೇರೆ ಕಡೆ ಕೆಲಸ ಮಾಡದಂತೆ ತಡೆಯುವುದು) ಇದ್ದರೆ ತೆಗೆಸಿ. ಸುತ್ತ 50 ಮೈಲಿಯಲ್ಲಿ ಕೆಲಸ ಮಾಡಬಾರದು ಅಂತಿದ್ದರೆ ವರ್ಗಾವಣೆ ಹೊತ್ತಿಗೆ ಕೈ ಕಟ್ಟಿಹಾಕಿದಂತಾಗುತ್ತದೆ.

ಗಂಟೆಗಳ ಲೆಕ್ಕ: ವಾರಕ್ಕೆ ಕನಿಷ್ಠ 40 ಗಂಟೆ, ವರ್ಷಕ್ಕೆ ಕನಿಷ್ಠ 45 ವಾರ. ಆನ್-ಕಾಲ್ ಸಮಯ ಸೇರುವುದಿಲ್ಲ. ರಜೆ, ಹಬ್ಬ, ಕಾಯಿಲೆ, ಸಿಇ (ವೃತ್ತಿಯ ಮುಂದುವರಿಕೆ ಶಿಕ್ಷಣ) ತರಬೇತಿ ಎಲ್ಲ ಸೇರಿ ವರ್ಷಕ್ಕೆ 35 ಕೆಲಸದ ದಿನ ಮಾತ್ರ. ಊರಿಗೆ ಹೋಗಿ ಒಂದು ತಿಂಗಳು ಇದ್ದು ಬಂದರೆ 20ಕ್ಕೂ ಹೆಚ್ಚು ದಿನ ಅಲ್ಲೇ ಖರ್ಚಾಯಿತು. ಹೆರಿಗೆ ರಜೆ ಅಂಥದ್ದಕ್ಕೆ ಅವಕಾಶ ಇದೆ, 35 ದಿನ ಮೀರಿದಷ್ಟೂ ಒಪ್ಪಂದದ ಕೊನೆ ದಿನಾಂಕ ಮುಂದೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ ಕೇಂದ್ರದವರು ನಿಮ್ಮ ಹಾಜರಿ ದೃಢೀಕರಿಸಬೇಕು. ಅದು ತಡವಾದರೆ ತೊಂದರೆ ನಿಮಗೆ, ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು ನೀವೇ ನೆನಪಿಸಿ.

ಮರುಭೂಮಿ_ಮೋಲಾರ್

ಹಣದ ಮಾತು ಆಯಿತು, ಕ್ಲಿನಿಕ್ ಒಳಗಿನದು ಹೇಳುತ್ತೇನೆ. ಎರಡು ವರ್ಷ ನೆಮ್ಮದಿಯಿಂದ ಇರುತ್ತೀರೋ ಇಲ್ಲವೋ ಅನ್ನುವುದು ಇದರ ಮೇಲೆ ನಿಂತಿದೆ.

ಮೊದಲು ಅಸಿಸ್ಟೆಂಟ್‌ಗಳ ಸಂಖ್ಯೆ ಕೇಳಿ. ಒಬ್ಬ ಡೆಂಟಿಸ್ಟ್‌ಗೆ ಎರಡು ಕುರ್ಚಿ, ಇಬ್ಬರು ಅಸಿಸ್ಟೆಂಟ್ ಇದ್ದರೆ ಕೆಲಸ ಸಾಗುತ್ತದೆ. ಒಬ್ಬರೇ ಇದ್ದರೆ ಕುರ್ಚಿ ಒರೆಸುವುದು, ಟ್ರೇ ಜೋಡಿಸುವುದು, ಎಕ್ಸ್‌ರೇ ತೆಗೆಯುವುದು ಎಲ್ಲ ನಿಮ್ಮ ಪಾಲಿಗೆ ಬರುತ್ತದೆ. "ಹುದ್ದೆ ಮಂಜೂರಾಗಿದೆ" ಅಂದರೆ ಸಾಲದು, ಈಗ ಎಷ್ಟು ಜನ ಕೆಲಸದಲ್ಲಿದ್ದಾರೆ ಅಂತ ಕೇಳಿ. ಒಂದು ದಿನ ಹೋಗಿ ಬೆಳಗಿನಿಂದ ಸಂಜೆವರೆಗೆ ಪಕ್ಕದಲ್ಲಿ ನಿಂತು ನೋಡಿ.

ಎರಡನೆಯದು, ಈ ಕೇಂದ್ರಗಳಿಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡುವ ರೀತಿ. ಸಾಮಾನ್ಯವಾಗಿ ಒಂದು ಭೇಟಿಗೆ ಒಂದು ನಿಗದಿತ ದರ. ಒಂದು ಫಿಲ್ಲಿಂಗ್ ಮಾಡಿ, ನಾಲ್ಕು ಮಾಡಿ, ಬರುವುದು ಅಷ್ಟೇ. ಆದ್ದರಿಂದ ಚಿಕಿತ್ಸೆಯನ್ನು ಹಲವು ಭೇಟಿಗಳಿಗೆ ಹಂಚಲು ಮೇಲಿನಿಂದ ಒತ್ತಡ ಬರಬಹುದು. ನಲವತ್ತು ಮೈಲಿ ದೂರದಿಂದ, ದಿನಗೂಲಿ ಬಿಟ್ಟು ಬಂದವರಿಗೆ ಅದು ಅನ್ಯಾಯ. ಒಂದು ಕ್ವಾಡ್ರಂಟ್ (ಬಾಯಿಯ ಕಾಲು ಭಾಗ) ಪೂರ್ತಿ ಒಂದೇ ಸಲಕ್ಕೆ ಮುಗಿಸಲು ಬಿಡುತ್ತೀರಾ ಅಂತ ಡೆಂಟಲ್ ಡೈರೆಕ್ಟರನ್ನು ನೇರವಾಗಿ ಕೇಳಿ. ಆ ಉತ್ತರದಲ್ಲೇ ಕೇಂದ್ರದ ಗುಣ ತಿಳಿಯುತ್ತದೆ. ಕ್ರೌನ್, ಡೆಂಚರ್‌ಗಳ ಲ್ಯಾಬ್ ಖರ್ಚು ಯಾರ ಮೇಲೆ, ಮೋಲಾರ್ ರೂಟ್ ಕೆನಾಲ್ ಮಾಡುತ್ತಾರೋ ಬರೀ ಕೀಳುತ್ತಾರೋ, ಇದನ್ನೂ ಕೇಳಿ. ಮಕ್ಕಳಿಗೆ ಮೆಡಿಕೇಡ್‌ನಲ್ಲಿ ಹಲ್ಲಿನ ಚಿಕಿತ್ಸೆ ಕೊಡುವುದು ಫೆಡರಲ್ ಕಾನೂನಿನ ಪ್ರಕಾರ ಕಡ್ಡಾಯ, ದೊಡ್ಡವರದ್ದು ಆಯಾ ರಾಜ್ಯದ ತೀರ್ಮಾನ.

ಮಕ್ಕಳ ಕೆಲಸ ಬಹಳ ಇರುತ್ತದೆ. ಮೂರ್ನಾಲ್ಕು ವರ್ಷದ ಮಗು, ಎಂಟು ಹಲ್ಲು ಹುಳುಕು, ಅರಿವಳಿಕೆ ಕೊಟ್ಟು ಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಸರದಿ. ಅಲ್ಲಿವರೆಗೆ ಹುಳುಕು ತಡೆಯಲು 38% ಸಿಲ್ವರ್ ಡಯಮೈನ್ ಫ್ಲೋರೈಡ್ (ಹಲ್ಲಿಗೆ ಹಚ್ಚುವ ಬೆಳ್ಳಿ-ಫ್ಲೋರೈಡ್ ದ್ರಾವಣ) ಒಳ್ಳೆಯ ಆಧಾರ. ಹಲ್ಲನ್ನು ಹತ್ತಿಯಿಂದ ಒಣಗಿಸಿ, ತುಟಿಗೆ ವ್ಯಾಸಲೀನ್ ಸವರಿ, ಮೈಕ್ರೋಬ್ರಶ್‌ನಲ್ಲಿ ಒಂದು ನಿಮಿಷ ಹಚ್ಚಿ. ಒಂದು ಹನಿ ಐದು ಹಲ್ಲಿಗೆ ಸಾಕು. ಹುಳುಕು ಜಾಗ ಕಪ್ಪಾಗುತ್ತದೆ, ಅದು ಹೋಗುವುದಿಲ್ಲ. ಫೋಟೊ ತೋರಿಸಿ ತಾಯಿ ತಂದೆಯ ಒಪ್ಪಿಗೆ ಬರೆಸಿಕೊಳ್ಳದೆ ಮುಟ್ಟಬೇಡಿ. ಬೆಳ್ಳಿ ಅಲರ್ಜಿ ಇದ್ದರೆ ಇದು ಬೇಡವೇ ಬೇಡ.

ಒಂದು ಅನುಕೂಲ ಹೇಳಲೇಬೇಕು. ಸೆಕ್ಷನ್ 330 ಎಂಬ ಫೆಡರಲ್ ಅನುದಾನ ಪಡೆದು "ಡೀಮ್ಡ್" (ಈ ರಕ್ಷಣೆಗೆ ಸರ್ಕಾರದ ಮಂಜೂರಾತಿ ಪಡೆದದ್ದು) ಆಗಿರುವ ಕೇಂದ್ರವಾದರೆ ಮಾಲ್‌ಪ್ರಾಕ್ಟೀಸ್ (ಚಿಕಿತ್ಸೆಯ ತಪ್ಪಿನ ದಾವೆ) ಹೊಣೆಯನ್ನು ಫೆಡರಲ್ ಟಾರ್ಟ್ ಕ್ಲೇಮ್ಸ್ ಕಾಯ್ದೆ ಅಡಿ ಸರ್ಕಾರವೇ ಹೊರುತ್ತದೆ, ಬಿಡುವಾಗ ಟೇಲ್ ವಿಮೆ (ಬಿಟ್ಟ ಮೇಲೆ ಬರುವ ದಾವೆಗಳಿಗೆ) ಕೊಳ್ಳುವ ತಾಪತ್ರಯವೂ ಇಲ್ಲ. ಆ ಅನುದಾನ ಇಲ್ಲದ "ಲುಕ್-ಅಲೈಕ್" ಕೇಂದ್ರಕ್ಕೆ ಈ ರಕ್ಷಣೆ ಇಲ್ಲ. ಶನಿವಾರ ಬೇರೆ ಕ್ಲಿನಿಕ್‌ನಲ್ಲಿ ದುಡಿದರೆ ಅದಕ್ಕೂ ಇಲ್ಲ, ಸ್ವಂತ ಪಾಲಿಸಿ ಬೇಕು.

ದಂತಪಂಕ್ತಿ

ತುಂಬಾ ಧನ್ಯವಾದ. 50,000 ಬಂದರೆ ಎಲ್ಲವನ್ನೂ ಫೆಡರಲ್ ಸಾಲಕ್ಕೇ ಹಾಕಬೇಕೇ? ಅದರ ಬಡ್ಡಿ ಹೆಚ್ಚು. ಸಹಪಾಠಿಯ ಪ್ರಶ್ನೆಗೂ ಯಾರಾದರೂ ಉತ್ತರಿಸಿ.

ಕರಾರುಪತ್ರ

ಹಾಕಬೇಡಿ ಮೇಡಂ. ನೀವು ಹೋಗುವ ಕೇಂದ್ರ ಲಾಭರಹಿತ ಸಂಸ್ಥೆಯಾಗಿದ್ದರೆ ಪಿಎಸ್‌ಎಲ್‌ಎಫ್ (ಸಾರ್ವಜನಿಕ ಸೇವೆಯಲ್ಲಿರುವವರ ಫೆಡರಲ್ ಸಾಲ ಮನ್ನಾ ಯೋಜನೆ) ಕೂಡ ಜೊತೆಜೊತೆಗೇ ನಡೆಯುತ್ತದೆ: 120 ಅರ್ಹ ಕಂತು ಕಟ್ಟಿದ ಮೇಲೆ ಉಳಿದ ಡೈರೆಕ್ಟ್ ಲೋನ್ ಮನ್ನಾ, ಅದಕ್ಕೆ ಫೆಡರಲ್ ತೆರಿಗೆ ಇಲ್ಲ. ಇದಕ್ಕೆ ಸಿಟಿಜನ್ ಆಗಿರಬೇಕೆಂದೂ ಇಲ್ಲ, ಆದ್ದರಿಂದ ಮೊದಲ ತಿಂಗಳಿನಿಂದಲೇ ಎಣಿಕೆ ಶುರು ಮಾಡಬಹುದು. ಆದರೆ ಖಾಸಗಿ ಸಾಲ ಅಲ್ಲಿ ಮನ್ನಾ ಆಗುವುದೇ ಇಲ್ಲ. ಆದ್ದರಿಂದ ಎನ್‌ಎಚ್‌ಎಸ್‌ಸಿ ಅರ್ಜಿಯಲ್ಲಿ ಎರಡೂ ಸಾಲ ತೋರಿಸಿ, ಹಣ ಬಂದಾಗ ಖಾಸಗಿ 40,000 ಮೊದಲು ತೀರಿಸಿ, ಮಿಕ್ಕಿದ್ದು ಫೆಡರಲ್‌ಗೆ. ಫೆಡರಲ್ ಸಾಲವನ್ನು ಆದಾಯಾಧಾರಿತ ಕಂತಿನಲ್ಲಿಡಿ. ಹತ್ತು ವರ್ಷದ ಸ್ಟ್ಯಾಂಡರ್ಡ್ ಕಂತಿನಲ್ಲಿಟ್ಟರೆ ಮನ್ನಾ ಆಗಲು ಏನೂ ಉಳಿಯುವುದಿಲ್ಲ. ಫೆಡರಲ್ ಸಾಲವನ್ನು ಖಾಸಗಿಗೆ ರೀಫೈನಾನ್ಸ್ ಮಾಡಿಸಿದರೆ ಪಿಎಸ್‌ಎಲ್‌ಎಫ್ ಅಲ್ಲಿಗೆ ಮುಗಿಯಿತು. ಬಂದ ಹಣ ಪೂರ್ತಿ ಸಾಲಕ್ಕೇ ಹೋಯಿತು ಅನ್ನಲು ಕಂತಿನ ದಾಖಲೆಗಳನ್ನು ಇಟ್ಟುಕೊಳ್ಳಿ. 2 ವರ್ಷ ಮುಗಿದ ಮೇಲೆ ಒಂದೊಂದು ವರ್ಷ ಮುಂದುವರಿಸಲು ಅರ್ಜಿ ಹಾಕುವಾಗ ಅದನ್ನೇ ಕೇಳುತ್ತಾರೆ.

ಹಲ್ಲಿನ_ಡಾಕ್ಟ್ರು

ಸಹಪಾಠಿಯ ವಿಷಯ. ಎನ್‌ಎಚ್‌ಎಸ್‌ಸಿ ಆಗಲಿ, ಫೆಡರಲ್ ಹಣದಿಂದ ರಾಜ್ಯಗಳು ನಡೆಸುವ ಸಾಲ ಮರುಪಾವತಿ ಆಗಲಿ, ಎಫ್-1 ಅಥವಾ ಎಚ್-1ಬಿ (ಉದ್ಯೋಗ ವೀಸಾ) ಇರುವವರಿಗೆ ಸಿಗುವುದಿಲ್ಲ. ಹಿಂದುಳಿದ ಪ್ರದೇಶದಲ್ಲಿ ದುಡಿದರೆ ವೀಸಾ ಸುಲಭ ಅಂತ ಕೇಳಿರಬಹುದು. ಆ ಕಾನ್ರಾಡ್ 30 ಎಂಬ ವೀಸಾ ವಿನಾಯಿತಿ ಎಂಡಿಗಳಂಥ ವೈದ್ಯರಿಗೆ ಮಾತ್ರ, ಡೆಂಟಿಸ್ಟ್‌ಗಳಿಗಿಲ್ಲ.

ಅವಳಿಗೆ ಉಳಿದಿರುವ ಗಟ್ಟಿ ದಾರಿ ಎಚ್-1ಬಿ ಲಾಟರಿ ಇಲ್ಲದ ಉದ್ಯೋಗದಾತರನ್ನು ಹುಡುಕುವುದು. ಎಫ್‌ಕ್ಯೂಎಚ್‌ಸಿ ಲಾಭರಹಿತ ಅಂದ ಮಾತ್ರಕ್ಕೆ ಲಾಟರಿಯಿಂದ ವಿನಾಯಿತಿ ಇಲ್ಲ. ವಿಶ್ವವಿದ್ಯಾಲಯದ ಜೊತೆ ಲಿಖಿತ ಅಫಿಲಿಯೇಷನ್ ಇದ್ದರೆ ಮಾತ್ರ ಅರ್ಹತೆ ಬರಬಹುದು. ಡೆಂಟಲ್ ಕಾಲೇಜಿನ ವಿದ್ಯಾರ್ಥಿಗಳು, ರೆಸಿಡೆಂಟ್‌ಗಳು ಬಂದು ಕಲಿಯುವ ಕೇಂದ್ರಗಳಲ್ಲಿ ಮೊದಲು ವಿಚಾರಿಸಲಿ, ಇಮಿಗ್ರೇಷನ್ ವಕೀಲರಿಗೆ ಆ ಒಪ್ಪಂದದ ಪ್ರತಿ ತೋರಿಸಲಿ. ಒಪಿಟಿ (ಎಫ್-1ನಲ್ಲಿ ಓದಿದ ಮೇಲೆ ಸಿಗುವ ಕೆಲಸದ ಅನುಮತಿ) 12 ತಿಂಗಳೇ, ಡೆಂಟಿಸ್ಟ್ರಿಗೆ ವಿಜ್ಞಾನ-ತಂತ್ರಜ್ಞಾನ ಪದವೀಧರರಿಗಿರುವ ಸ್ಟೆಮ್ ವಿಸ್ತರಣೆ ಇಲ್ಲ, ಆದ್ದರಿಂದ ಪದವಿಗೆ ಆರು ತಿಂಗಳು ಮುಂಚೆಯೇ ಶುರು ಮಾಡಬೇಕು. ಸಂಬಳ ಮಾತಾಡುವಾಗ ಇನ್ನೊಂದು ಕೇಳಲಿ: ಉದ್ಯೋಗದಾತರು ವರ್ಷಕ್ಕೆ 5,250 ಡಾಲರ್‌ವರೆಗೆ ನೌಕರರ ವಿದ್ಯಾಭ್ಯಾಸ ಸಾಲವನ್ನು ತೆರಿಗೆ ಇಲ್ಲದೆ ಕಟ್ಟಿಕೊಡಬಹುದು. ಸಂಸ್ಥೆಯಲ್ಲಿ ಲಿಖಿತ ಯೋಜನೆ ಇದ್ದರೆ ಸಾಕು, ಪೌರತ್ವದ ಪ್ರಶ್ನೆ ಅಲ್ಲಿ ಬರುವುದಿಲ್ಲ.

ದಂತಪಂಕ್ತಿ ಅವರಿಗೆ ಇನ್ನೊಂದು: ಸಿಟಿಜನ್ ಆದ ಮೇಲೆ ಇಂಡಿಯನ್ ಹೆಲ್ತ್ ಸರ್ವಿಸ್ (ಅಮೆರಿಕದ ಮೂಲನಿವಾಸಿಗಳ ಸರ್ಕಾರಿ ಆರೋಗ್ಯ ಸೇವೆ) ಕಡೆಯೂ ನೋಡಿ. ಗ್ಯಾಲಪ್, ಶಿಪ್‌ರಾಕ್ ಎರಡೂ ನ್ಯೂ ಮೆಕ್ಸಿಕೊದಲ್ಲೇ ಇವೆ, ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಫೆಡರಲ್ ಹುದ್ದೆಗೆ ನಡೆಯುತ್ತದೆ. ಅವರದ್ದೇ ಬೇರೆ ಸಾಲ ಮರುಪಾವತಿ ಯೋಜನೆ ಇದೆ, ಆದರೆ ಒಂದೇ ಅವಧಿಗೆ ಅದನ್ನೂ ಎನ್‌ಎಚ್‌ಎಸ್‌ಸಿಯನ್ನೂ ಒಟ್ಟಿಗೆ ತೆಗೆದುಕೊಳ್ಳಲು ಬರುವುದಿಲ್ಲ. ಈ ವಾರ ಮಾಡಬೇಕಾದದ್ದು ಇಷ್ಟು: ಆರೋಗ್ಯ ಕೇಂದ್ರಕ್ಕೆ ಇಮೇಲ್ ಬರೆದು ಡೆಂಟಲ್ ಸ್ಕೋರ್, ನೀವು ಕೂರುವ ಶಾಖೆಯ ವಿಳಾಸ, ಡೀಮ್ಡ್ ಹೌದೋ ಅಲ್ಲವೋ, ನಾನ್-ಕಂಪೀಟ್ ಇದೆಯೋ ಇಲ್ಲವೋ, ಈ ನಾಲ್ಕಕ್ಕೂ ಲಿಖಿತ ಉತ್ತರ ತರಿಸಿಕೊಳ್ಳಿ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಒಪ್ಪಂದದ ಷರತ್ತುಗಳನ್ನು ಒಂದೊಂದಾಗಿ ನೋಡೋಣ.