ಅಪ್‌ಡೇಟ್: ಮಗಳದ್ದು ಮೆಳ್ಳೆಗಣ್ಣಲ್ಲ

ಹತ್ತು ತಿಂಗಳ ಮಗಳ ಎಡಗಣ್ಣು ಫೋಟೋಗಳಲ್ಲಿ ಮೂಗಿನ ಕಡೆಗೆ ವಾಲಿದಂತೆ ಕಾಣುತ್ತದೆ, ಇದು ಮೆಳ್ಳೆಗಣ್ಣೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿನ್ನೆ ಮಕ್ಕಳ ಕಣ್ಣಿನ ವೈದ್ಯರು ಪರೀಕ್ಷಿಸಿದರು. ಪುಟ್ಟ ಟಾರ್ಚನ್ನು ಎದುರಿಗೆ ಹಿಡಿದಾಗ ಬೆಳಕಿನ ಚುಕ್ಕೆ ಎರಡೂ ಪಾಪೆಗಳಲ್ಲಿ ಒಂದೇ ಜಾಗದಲ್ಲಿ ಮಿನುಗುತ್ತಿದ್ದುದನ್ನು ನನಗೂ ತೋರಿಸಿದರು. ಒಂದು ಕಣ್ಣನ್ನು ಮುಚ್ಚಿದಾಗ ಇನ್ನೊಂದು ಕಣ್ಣು ಗೊಂಬೆಯ ಮೇಲೆ ನೋಟ ನಿಲ್ಲಿಸಲು ಸ್ವಲ್ಪವೂ ಸರಿಯಲಿಲ್ಲ. ನಿಜವಾದ ಮೆಳ್ಳೆಗಣ್ಣಾಗಿದ್ದರೆ ಸಾಮಾನ್ಯವಾಗಿ ಒಂದು ಕಣ್ಣಿನ ಚುಕ್ಕೆ ಪಕ್ಕಕ್ಕೆ ಜಾರಿರುತ್ತದಂತೆ. ಮೂಗಿನ ಬುಡ ಅಗಲವಾಗಿದ್ದು, ಕಣ್ಣಿನ ಒಳಮೂಲೆಯ ಚರ್ಮದ ಮಡಿಕೆ ಬಿಳಿಭಾಗವನ್ನು ಮರೆಮಾಡುವುದರಿಂದ ಹಾಗೆ ಕಾಣುತ್ತದೆ, ಮುಖ ಬೆಳೆದಂತೆ ಅದು ಕಡಿಮೆಯಾಗುತ್ತದೆ ಎಂದರು. ಎದೆಯ ಭಾರ ಇಳಿಯಿತು. ಆದರೂ ಇಂಥ ಕೆಲವು ಮಕ್ಕಳಲ್ಲಿ ಮುಂದೆ ನಿಜವಾದ ಮೆಳ್ಳೆಗಣ್ಣು ಕಾಣಿಸಿಕೊಳ್ಳುವುದುಂಟು. ಹಾಗಾಗಿ ಆರು ತಿಂಗಳ ನಂತರ ಮತ್ತೆ ಕರೆತರಲು ಹೇಳಿದ್ದಾರೆ, ತಪ್ಪದೆ ಹೋಗುತ್ತೇವೆ.